ಜೋಡಿ, ಒಂಟಿ, ಜಾಡಿ

"ಶನಿವಾರದೊಳಗೆ ತೀರ್ಮಾನ ಮಾಡೇ ಮಾಡ್ತೀನಿ! ಮಾಡದಿದ್ರೆ ನನ್ನ ಹೆಸರು ಬೇಸಿಲ್ ಹಾರ್ಟ್ಲಿ ಅಲ್ಲ!" ಎಂದು ಬೆಳಗಿನ ತಿಂಡಿಯ ಮೇಜು ಗುದ್ದಿ ಸಾರಿದೆ. ಗುದ್ದಿದ ರಭಸಕ್ಕೆ ಬೆಂದ ಮೊಟ್ಟೆಯೊಂದು ತನ್ನ ಬಟ್ಟಲಿನಿಂದ ಹಾರಿ ಬೆಣ್ಣೆಯ ಮೇಲೆ ಕುಳಿತಿತು.

ನನ್ನ ಹೆಂಡತಿ ಹೆಸ್ಟರ್ ಮೊಟ್ಟೆಯನ್ನು ಎತ್ತಿ ಮತ್ತೆ ಸ್ವಸ್ಥಾನದಲ್ಲಿ ಕೂರಿಸಿದಳು. "ಹಾಗಾದ್ರೆ ಭಾನುವಾರದಿಂದ ನಿನ್ನ ಏನಂತ ಕರೀಬೇಕು, ಈಗಲೇ ಹೇಳ್ಬಿಡು. ಅಭ್ಯಾಸ ಮಾಡ್ಕೋತೀನಿ."

ಇಂಥ ಮಾತಿಗೆಲ್ಲ ಕುಗ್ಗುವವನು ನಾನಲ್ಲ! ನಾನು ದಂತವೈದ್ಯ. ಡರ್ಬಿಶೈರಿನ ಈ ಗುಡ್ಡಗಾಡಿನಲ್ಲಿ ನಾನು ಇಣುಕಿ ನೋಡದ ಬಾಯಿಲ್ಲ. ಎಂತೆಂಥ ಬಾಯಿಬಡುಕರ ಬಾಯಿಗಳನ್ನೇ ಮುಚ್ಚಿಸಿದ ನನಗೆ ಒಂದು ಕಾರಿನ ಬಾಯಿ ಯಾವ ಲೆಕ್ಕ?

ಕಾರು ಎಂದರೆ ನಮ್ಮ ಮನೆಯ ಹಸಿರು ಎಂಜಿ. ಅರವತ್ನಾಲ್ಕನೇ ಇಸವಿಯದು; ಎರಡೇ ಸೀಟು, ಮಡಚಿದರೆ ಮತ್ತೆ ಬಿಚ್ಚಲಾಗದ ಛಾವಣಿ. ಅದು ಹೆಸ್ಟರಳ ತಂದೆಯ ಕಾರು. ಮಾವನವರು ಹೋಗುವಾಗ ಅದನ್ನು ಮಗಳ ಹೆಸರಿಗೆ ಬರೆದು ಹೋದರು. ಕಾರು ಮಗಳಿಗೆ ಬಂತು. ಕಾರುಬಾರನ್ನು ಮಾತ್ರ ಯಾರೂ ಕೊಡದೆಯೇ ನಾನು ವಹಿಸಿಕೊಂಡೆ.

ಆ ಚಳಿಗಾಲದಲ್ಲಿ ಕಾರು ಕೆಮ್ಮತೊಡಗಿತು. ನಾಲ್ಕು ಹೆಜ್ಜೆ ಹೋಗುವುದು, ಗಂಟಲು ಸರಿಮಾಡಿಕೊಳ್ಳುವುದು, ನಿಲ್ಲುವುದು. ಕಾರು ಬರುತ್ತಿಲ್ಲ ಎಂದರೆ ಕಾರ್ಬುರೇಟರನ್ನೇ ಕೇಳಬೇಕು. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಕಲಸಿ ಎಂಜಿನ್ನಿನ ಬಾಯಿಗಿಡುವ ಅಂಗ ಅದು. ನಮ್ಮ ಕಾರಿಗೆ ಹುಟ್ಟಿನಿಂದ ಬಂದದ್ದು ಎಸ್‌ಯು ಎಂಬ ಇಂಗ್ಲಿಷ್ ಜೋಡಿ. ಎರಡೂ ಒಂದೇ ಲಯದಲ್ಲಿ ಉಸಿರಾಡಬೇಕು. ಒಂದು ಹೆಚ್ಚು ಎಳೆದುಕೊಂಡರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ದಾಂಪತ್ಯವೇ ಅನ್ನಿ! ಆ ಜೋಡಿಯನ್ನು ಕಿತ್ತೆಸೆದು ವೆಬರ್ ಎಂಬ ಇಟಲಿಯ ದೊಡ್ಡ ಒಂಟಿ ಕಾರ್ಬುರೇಟರ್ ಕೂರಿಸುವುದು ಇನ್ನೊಂದು ದಾರಿ. ಒಬ್ಬನೇ ಯಜಮಾನ, ಒಂದೇ ಮಾತು, ಹೊಂದಾಣಿಕೆಯ ಗೋಜಿಲ್ಲ.

ಸವೆದ ಹಲ್ಲನ್ನು ಉಳಿಸಿಕೊಳ್ಳುವುದೋ, ಕಿತ್ತು ಹೊಸದು ಕಟ್ಟಿಸುವುದೋ? ದಿನ ಬೆಳಗಾದರೆ ನಾನು ಬಿಡಿಸುವ ಪ್ರಶ್ನೆ! ಆದರೆ ಹಲ್ಲಿನ ವಿಷಯದಲ್ಲಿ ನೆರೆಹೊರೆಯವರು ಬಂದು ಸಲಹೆ ಕೊಡುವುದಿಲ್ಲ.

ಪಕ್ಕದ ಮನೆಯ ಡೆಸ್ಮಂಡ್ ಪಿಲಿಂಗ್ ಜೋಡಿ ಪಕ್ಷ. ಬಸ್ಸು ಓಡಿಸಿ ನಿವೃತ್ತನಾದವನು. ಬಾಯಲ್ಲಿ ಸದಾ ಪೈಪು. ಎದುರು ಬೀದಿಯ ಮಾಂಸದಂಗಡಿಯ ಗ್ವಿಲಿಮ್ ಒಂಟಿ ಪಕ್ಷ. ವೇಲ್ಸ್‌ನವನು, ಕುರಿಯನ್ನು ಹೆಗಲ ಮೇಲೆ ಟವೆಲಿನಂತೆ ಹಾಕಿಕೊಳ್ಳುವ ಆಳು. ಪಬ್ಬಿನಲ್ಲಿ ಇಬ್ಬರ ನಡುವೆ ನಾನು ಕುಳಿತರೆ ನನ್ನ ಬಿಯರು ನೊರೆ ಇಳಿದು ನೀರಾಗುತ್ತಿತ್ತು.

"ಇಂಗ್ಲಿಷ್ ಕಾರಿಗೆ ಇಟಲಿ ಉಸಿರಾ? ನಾಚಿಕೆ ಆಗ್ಬೇಕು ಕಣಯ್ಯಾ! ನಮ್ಮ ಮಂಜು, ನಮ್ಮ ತುಂತುರು ಆ ಇಟಲಿಯವನಿಗೇನು ಗೊತ್ತು?" ಎಂದು ಡೆಸ್ಮಂಡ್.

"ಗೊತ್ತಿಲ್ಲದಿದ್ರೇನಂತೆ, ಓಡುತ್ತಲ್ಲ! ನಿನ್ನ ಜೋಡೀನ ಹೊಂದಿಸ್ತಾ ಕೂತ್ರೆ ಮನುಷ್ಯನಿಗೆ ಮುಪ್ಪು ಬರುತ್ತೆ. ನಿನ್ನನ್ನೇ ನೋಡ್ಕೋ!" ಎಂದು ಗ್ವಿಲಿಮ್.

"ನೀನು ಸಾಸೇಜು ಸುತ್ತು ಹೋಗು!"

"ನೀನು ಪೈಪು ಊದು ಹೋಗು!"

ಹೀಗೆ ಡಿಸೆಂಬರ್ ಕಳೆಯಿತು. ಜನವರಿ ಬಂತು. ಜನವರಿ ಎಂದರೆ ಸೆವಿಲ್‌ನ ಕಹಿಕಿತ್ತಳೆ ಬರುವ ಕಾಲ, ಮನೆಮನೆಯಲ್ಲೂ ಅದರ ರಸ, ಸಿಪ್ಪೆಯ ಚೂರು, ಸಕ್ಕರೆ ಸೇರಿ ಮಾರ್ಮಲೇಡ್ ಕುದಿಯುವ ಕಾಲ. ಗುಡ್ಡದಾಚೆಯ ಊರಿನ ಸಭಾಂಗಣದಲ್ಲಿ ಶನಿವಾರ ಮಾರ್ಮಲೇಡ್ ಸ್ಪರ್ಧೆ. ಹೆಸ್ಟರಳಿಗೆ ಅಲ್ಲಿ ವರ್ಷ ವರ್ಷವೂ ಎರಡನೇ ಬಹುಮಾನ ಕಟ್ಟಿಟ್ಟದ್ದು. ಮಾವನವರು ಪ್ರತಿಸಲವೂ ಅವಳನ್ನು, ಅವಳ ಮಡಿಲಿನ ಜಾಡಿಯನ್ನು ಇದೇ ಕಾರಿನಲ್ಲಿ ಕರೆದೊಯ್ದು, "ಮುಂದಿನ ವರ್ಷ ಮೊದಲನೇದೇ, ಮಗಳೇ" ಎನ್ನುತ್ತ ವಾಪಸು ಕರೆತರುತ್ತಿದ್ದರು. ಅವರಿಲ್ಲದ ಮೊದಲ ಸ್ಪರ್ಧೆ ಇದು.

"ಬಸ್ಸಲ್ಲಿ ಹೋಗೋಣ ಬಿಡು" ಎಂದಿದ್ದಳು ಹೆಸ್ಟರ್, ಬೇರೆಲ್ಲೋ ನೋಡುತ್ತ.

ಆ ಮಾತು ಕೇಳಿಯೇ ನಾನು ಮೇಜು ಗುದ್ದಿದ್ದು. ಜೋಡಿಯನ್ನು ಶುದ್ಧಮಾಡಿ ಪರೀಕ್ಷಿಸುತ್ತೇನೆ, ಸರಿಹೋಗದಿದ್ದರೆ ಒಂಟಿ! ಶನಿವಾರ ನನ್ನ ಹೆಂಡತಿ ತನ್ನಪ್ಪನ ಕಾರಿನಲ್ಲಿ ಮಹಾರಾಣಿಯ ಹಾಗೆ ಹೋಗಿ ಇಳಿಯತಕ್ಕದ್ದು!

ಶುಕ್ರವಾರ ಮಧ್ಯಾಹ್ನ ಜೋಡಿಯನ್ನು ಕಳಚಿ ಅಡುಗೆಮನೆಗೆ ತಂದೆ. ಹೆಸ್ಟರ್ ಒಲೆಯ ಮುಂದಿದ್ದಳು. ದೊಡ್ಡ ತಾಮ್ರದ ಪಾತ್ರೆಯಲ್ಲಿ ಮಾರ್ಮಲೇಡ್ ಗುಳುಗುಳು ಕುದಿಯುತ್ತಿತ್ತು.

"ಅದೇನು, ಎರಡು ಸತ್ತ ಕಪ್ಪೆ ಹಿಡ್ಕೊಂಡು ಬಂದಿದೀಯ?"

"ಕಾರ್ಬುರೇಟರ್ ಕಣೇ! ನಿಂಬೆರಸದ ನೀರಲ್ಲಿ ಕುದಿಸಿದ್ರೆ ಫಳಫಳ ಅನ್ನುತ್ತಂತೆ. ಪಕ್ಕದ ಒಲೆ ಖಾಲಿ ಇದೆಯಲ್ಲ?"

"ನನ್ನ ಅಡುಗೆಮನೇಲಿ ಎಂಜಿನ್ ಬೇಯಿಸೋದು ಬೇಡ."

"ಎಂಜಿನ್ ಅಲ್ಲ, ಎಂಜಿನ್ನಿನ ಬಾಯಿ. ಬಾಯಿ ತೊಳೆಯೋದು ನನ್ನ ಕಸುಬು!"

ಅವಳು ನಿಟ್ಟುಸಿರುಬಿಟ್ಟಳು. "ಸರಿ. ನಿನ್ನ ಪಾತ್ರೆ ನಿಂದು, ನನ್ನ ಪಾತ್ರೆ ನಂದು. ನನ್ನ ಚಮಚಕ್ಕೆ ಕೈ ಹಾಕಿದ್ರೆ ನೋಡು!"

ಹೀಗೆ ಗಡಿ ಗುರುತಾಗಿ ಶಾಂತಿ ನೆಲೆಸಿತು. ಬಿಡಿಭಾಗಗಳನ್ನೆಲ್ಲ ಮೊದಲು ಸೋಪಿನಲ್ಲಿ ತಿಕ್ಕಿ ತೊಳೆದು, ಆಮೇಲೆ ನಿಂಬೆ ನೀರಿಗೆ ಬಿಟ್ಟೆ. ಅಷ್ಟರಲ್ಲಿ ಹಜಾರದಲ್ಲಿ ಫೋನ್ ಹೊಡೆದುಕೊಂಡಿತು. ಹೆಸ್ಟರಳ ಅಕ್ಕ! ಆಕೆ ಫೋನ್ ಮಾಡಿದರೆ ಅದು ಕರೆಯಲ್ಲ, ಕಾದಂಬರಿ.

"ಬೇಸಿಲ್, ಸ್ವಲ್ಪ ಕಲಕ್ತಾ ಇರು. ಕೈ ನಿಲ್ಲಿಸ್ಬೇಡ. ಅದು ತಳ ಹಿಡಿದ್ರೆ ನಾನು ನಿನ್ನ ಕತ್ತು ಹಿಡೀತೀನಿ!"

ನಾನು ಬಲಗೈಯಲ್ಲಿ ಮಾರ್ಮಲೇಡ್ ಕಲಕಿದೆ. ಎಡಗೈ ಸುಮ್ಮನಿರಬೇಕೇಕೆ? ದವಾಖಾನೆಯಿಂದ ತಂದಿದ್ದ ಹಲ್ಲು ಕೀಳುವ ಇಕ್ಕಳದಿಂದ ನನ್ನ ಪಾತ್ರೆಯ ಭಾಗಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕತೊಡಗಿದೆ. ಏಕಕಾಲದಲ್ಲಿ ಎರಡು ಕೈಗೆ ಎರಡು ಕಸುಬು! ನನ್ನ ಮೇಲೆ ನನಗೇ ಎಷ್ಟು ಪ್ರೀತಿ ಉಕ್ಕಿತೆಂದರೆ ಸಿಳ್ಳೆ ಹಾಕಿದೆ. ನನ್ನ ಪಾತ್ರೆ ಎಡಕ್ಕಿತ್ತು, ತಟ್ಟೆ ಬಲಕ್ಕಿತ್ತು, ಹೆಸ್ಟರಳ ಪಾತ್ರೆ ಎರಡರ ನಡುವೆ ಇತ್ತು ಎಂಬ ಭೂಗೋಳವನ್ನು ಆಗ ನಾನು ಗಮನಿಸಲಿಲ್ಲ.

ಸಂಜೆಗೆ ಜಾಡಿಗಳು ತುಂಬಿ ಸಾಲಾಗಿ ನಿಂತವು. ಹೆಸ್ಟರ್ ಅವನ್ನೆಲ್ಲ ದೀಪಕ್ಕೆ ಹಿಡಿದು ನೋಡಿ, ಬಣ್ಣ ಅತ್ಯಂತ ಚೆನ್ನಾಗಿದ್ದುದನ್ನು ಸ್ಪರ್ಧೆಗೆಂದು ಆರಿಸಿ ಚೌಕಳಿ ಬಟ್ಟೆ ಕಟ್ಟಿದಳು. "ಈ ಸಲ ಇದರಲ್ಲಿ ಒಂಥರಾ ಹೊಳಪು ಬಂದಿದೆ ನೋಡು" ಎಂದಳು. ನಿಜಕ್ಕೂ ಹೊಳಪಿತ್ತು.

ಶನಿವಾರ ಬೆಳಿಗ್ಗೆ ಡೆಸ್ಮಂಡ್ ಮತ್ತು ಗ್ವಿಲಿಮ್ ಸಾಕ್ಷಿಗಳಾಗಿ ಬಂದು ನಿಂತರು. ನಾನು ಬಿಳಿ ಕೋಟು ತೊಟ್ಟು ಜೋಡಿಯನ್ನು ಜೋಡಿಸಿದೆ. ಕೊನೆಗೆ ಒಂದು ಸೂಜಿ ಕಡಿಮೆ ಬಂತು.

ಹೊಲಿಯುವ ಸೂಜಿ ಅಲ್ಲ. ಕಾರ್ಬುರೇಟರಿನ ಪಕ್ಕದಲ್ಲಿ ಪೆಟ್ರೋಲಿನ ಪುಟ್ಟ ತೊಟ್ಟಿಯೊಂದಿರುತ್ತದೆ. ತೊಟ್ಟಿ ತುಂಬಿದೊಡನೆ ದಾರಿ ಮುಚ್ಚಲು ಅಲ್ಲೊಂದು ಹಿತ್ತಾಳೆಯ ಮೊನಚು ಕಡ್ಡಿ. ಕಿತ್ತಳೆ ಸಿಪ್ಪೆಯ ಚೂರಿನಷ್ಟಿದ್ದೀತು. ಜೋಡಿಗೆ ಎರಡು ಸೂಜಿ. ನನ್ನ ತಟ್ಟೆಯಲ್ಲಿದ್ದದ್ದು ಒಂದು.

ಮೇಜಿನಡಿ ಹುಡುಕಿದೆ. ಒಲೆಯಡಿ ಹುಡುಕಿದೆ. ಕಸ ಹೀರುವ ಯಂತ್ರದ ಚೀಲವನ್ನು ಹಜಾರದ ಕಂಬಳಿಯ ಮೇಲೆ ಸುರಿದು ಹುಡುಕಿದೆ. ಒಂದು ಗುಂಡಿ, ಎರಡು ಬಟಾಣಿ, ಯಾರದೋ ಹಾಲುಹಲ್ಲು ಸಿಕ್ಕವು, ಸೂಜಿ ಇಲ್ಲ!

"ಒಂದು ಸಣ್ಣ ಸೂಜಿ ಇಲ್ಲದಿದ್ರೆ ಏನು ಮಹಾ? ನೋಡೇ ಬಿಡೋಣ!" ಎಂದು ಕೀಲಿ ತಿರುಗಿಸಿದೆ.

ಏನು ಮಹಾ ಎಂಬುದು ತಕ್ಷಣ ತಿಳಿಯಿತು. ಪೆಟ್ರೋಲು ಕಾರಂಜಿಯಂತೆ ಚಿಮ್ಮಿ ನನ್ನ ಬಿಳಿ ಕೋಟಿಗೆ ಅಭಿಷೇಕವಾಯಿತು. ಗಾಬರಿಯಾದಾಗ ಪೈಪು ಹೊತ್ತಿಸುವುದು ಡೆಸ್ಮಂಡನ ಚಾಳಿ. ಅವನು ಬೆಂಕಿಕಡ್ಡಿ ಗೀರಲು ಹೊರಟ. ಗ್ವಿಲಿಮ್ ಒಂದೇ ನೆಗೆತಕ್ಕೆ ಅವನನ್ನು ಅನಾಮತ್ತಾಗಿ ಎತ್ತಿ ಗುಲಾಬಿ ಗಿಡಗಳ ಮೇಲೆ ಎಸೆದ. ಅವರಿಬ್ಬರೂ ಅಷ್ಟು ಹತ್ತಿರ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಜೋಡಿ ಸತ್ತಿತು. ಒಂಟಿಗೆ ಜಯವಾಗಲಿ!" ಎಂದ ಗ್ವಿಲಿಮ್, ಕೈ ಒರೆಸಿಕೊಳ್ಳುತ್ತ. ಓಡಿಹೋಗಿ ತನ್ನ ಅಂಗಡಿಯ ತಣ್ಣನೆ ಕೋಣೆಯಲ್ಲಿ ಈ ದಿನಕ್ಕೆಂದೇ ತರಿಸಿ ಸಾಸೇಜುಗಳ ಹಿಂದೆ ಇಟ್ಟಿದ್ದ ಇಟಲಿಯ ಒಂಟಿಯನ್ನು ತಂದ. ಅದಕ್ಕೆ ಹಿಮ ಹಿಡಿದಿತ್ತು. ಹಂದಿಮಾಂಸದ ವಾಸನೆಯೂ ಇತ್ತು.

ತಿಣುಕಿ ಕೂರಿಸಿದೆವು. ಎಂಜಿನ್ ಒಮ್ಮೆ ಸೀನಿ, ಆಮೇಲೆ ಗರ್ಜಿಸಿತು! ನಾನು ಕುಣಿದೆ. ಆದರೆ ಬಾನೆಟ್ ಮುಚ್ಚಲಿಲ್ಲ. ಅದನ್ನು ಎಂಜಿನ್ನಿಗೆ ಸೇರಿಸಲು ನಾನು ಕೆಳಗೆ ಹಾಕಿದ್ದ ಕೊಳವೆ ಎತ್ತರದ್ದಾಗಿ, ಒಂಟಿಯ ತಲೆ ಕಾರಿನಿಂದ ಹೊರಗೆ ಇಣುಕುತ್ತಿತ್ತು. ಒತ್ತಿದೆವು. ಡೆಸ್ಮಂಡ್ ಮುಳ್ಳು ಕೀಳುವುದನ್ನು ನಿಲ್ಲಿಸಿ ಬಾನೆಟ್ಟಿನ ಮೇಲೆ ಹತ್ತಿ ಕುಳಿತ. ಊಹೂಂ! ಕಡೆಗೆ ಅರ್ಧ ತೆರೆದ ಬಾನೆಟ್ಟನ್ನು ಹೆಸ್ಟರಳ ಗೌನಿನ ಗುಲಾಬಿ ಬಣ್ಣದ ಸೊಂಟದ ದಾರದಿಂದ ಬಿಗಿದು ಕಟ್ಟಿದೆ.

ಹೆಸ್ಟರ್ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಜಾಡಿಯನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಕಾರನ್ನು ನೋಡಿದಳು. ದಾರವನ್ನು ನೋಡಿದಳು.

"ಬಸ್ಸಿಗೆ ಇನ್ನೂ ಟೈಮಿದೆ."

"ಬಸ್ಸಾ! ಮಹಾರಾಣಿ ಬಸ್ಸಲ್ಲಿ ಹೋಗ್ತಾರಾ? ಹತ್ತು!"

ಹತ್ತಿದಳು. ಬಾನೆಟ್ಟು ಎದುರಿಗೆ ಗೋಡೆಯಂತೆ ನಿಂತಿದ್ದರಿಂದ ನನಗೆ ರಸ್ತೆ ಕಾಣುತ್ತಿರಲಿಲ್ಲ. ಹೆಸ್ಟರ್ ಪಕ್ಕಕ್ಕೆ ಬಗ್ಗಿ ದಾರಿ ಹೇಳಿದಳು.

"ಎಡಕ್ಕೆ. ಇನ್ನೂ ಎಡಕ್ಕೆ. ಅಷ್ಟು ಎಡಕ್ಕಲ್ಲ, ಅದು ಕುರಿ!"

"ನೋಡಿದ್ಯಾ, ಎಂಥ ಶಕ್ತಿ ಇಟಲಿಯವನಿಗೆ?"

"ಕುರಿಗೂ ಶಕ್ತಿ ಇದೆ, ಪಾಪ, ಓಡಿಬಿಡ್ತು. ಬಲಕ್ಕೆ!"

ಗುಡ್ಡದ ಏರಿನಲ್ಲಿ ಕಾರು 'ಢಂ!' ಎಂದಿತು. ಬೇಲಿಯಾಚೆಯ ಬಾತುಕೋಳಿಗಳೆಲ್ಲ ಒಮ್ಮೆಲೇ ಗಗನಕ್ಕೆ ಏರಿದವು. ಇನ್ನೊಂದು 'ಢಂ!' ಕೇಳಿ ಅವು ಎಲ್ಲಿಗೋ ಹೋಗೇಬಿಟ್ಟವು. ಮೂರನೆಯದಕ್ಕೆ ಕಾರೇ ನಿಂತಿತು. ಹೆಸ್ಟರ್ ಸ್ಟಿಯರಿಂಗ್ ಹಿಡಿದಳು. ನಾನು ಇಳಿದು ಹಿಂದಿನಿಂದ ತಳ್ಳಿದೆ. ಸ್ಪರ್ಧೆಗೆ ಹೊರಟಿದ್ದ ಕಾರುಗಳು ಒಂದೊಂದಾಗಿ ನಮ್ಮನ್ನು ದಾಟಿದವು.

"ಏನಾದ್ರೂ ಸಹಾಯ ಬೇಕಾ?" ಎಂದು ಒಬ್ಬರು ಕೇಳಿದರು.

"ಬೇಡ, ಥ್ಯಾಂಕ್ಸ್" ಎಂದಳು ಹೆಸ್ಟರ್. "ನಮ್ಮವರು ಒಂದು ತೀರ್ಮಾನ ಮಾಡ್ತಾ ಇದಾರೆ."

ಸಭಾಂಗಣ ತಲುಪಿದಾಗ ನನ್ನ ಬಾಯಲ್ಲಿ ನಾಲಗೆ ಎಲ್ಲಿದೆಯೆಂದು ದಂತವೈದ್ಯನಾದ ನನಗೇ ತಿಳಿಯುತ್ತಿರಲಿಲ್ಲ. ಡೆಸ್ಮಂಡ್, ಗ್ವಿಲಿಮ್ ಇಬ್ಬರೂ ಮಾಂಸದ ವ್ಯಾನಿನಲ್ಲಿ ಮೊದಲೇ ಬಂದು ಚಹಾ ಕುಡಿಯುತ್ತ ಕೂತಿದ್ದರು. ಹೆಸ್ಟರ್ ಜಾಡಿಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟು ಕೂದಲು ಸರಿಮಾಡಿಕೊಳ್ಳಲು ಹೋದಳು.

ಚಳಿಗಾಲದ ಇಳಿಬಿಸಿಲು ಕಿಟಕಿಯಿಂದ ಜಾಡಿಯೊಳಕ್ಕೆ ನುಗ್ಗಿತು. ಹೊನ್ನಿನಂಥ ಮಾರ್ಮಲೇಡು! ಅದರೊಳಗೆ ತೇಲುವ ಸಿಪ್ಪೆಯ ಚೂರುಗಳು! ಅವುಗಳ ನಡುವೆ ಒಂದು ಚೂರು ಮಾತ್ರ ಬಲು ನೆಟ್ಟಗಿತ್ತು. ಬಲು ಹೊಳೆಯುತ್ತಿತ್ತು. ಅದರ ತುದಿ ಮೊನಚಾಗಿತ್ತು.

ಮಾರ್ಮಲೇಡಿನ ಮರ್ಮ ಬಯಲಾಯಿತು. ಜೋಡಿಯ ಸೂಜಿ ಜಾಡಿಯಲ್ಲಿ!

ಜಾಡಿಯನ್ನು ಎತ್ತಿ ಕೋಟಿನೊಳಗೆ ತುರುಕಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ಜಾಡಿ ಕೆಳಗಿಡಿ."

ತೀರ್ಪುಗಾರ್ತಿ ಮಿಸೆಸ್ ಬ್ಲೆನ್ಕಿನ್! ಕೈಯಲ್ಲಿ ಬೆಳ್ಳಿ ಚಮಚ, ಎದೆಯ ಮೇಲೆ ತೀರ್ಪುಗಾರರ ನೀಲಿ ಹೂ. ಆಕೆಯನ್ನು ಕಂಡರೆ ಪಾದ್ರಿಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಧೂಳು ಒರೆಸ್ತಿದ್ದೆ, ಮೇಡಂ."

"ಕೋಟಿನ ಒಳಗಾ?"

"ಮೇಡಂ, ಒಂದು ಮಾತು. ಇದನ್ನ ನೀವು ತಿನ್ನದಿದ್ರೇ ಒಳ್ಳೇದು. ಈ ಸಲ ಇದು… ಅಷ್ಟು ಚೆನ್ನಾಗಿ ಬಂದಿಲ್ಲ."

ನಾನು ತಿರುಗಿದರೆ ಹೆಸ್ಟರ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಬೇಸಿಲ್! ನನ್ನ ಮಾರ್ಮಲೇಡ್ ಚೆನ್ನಾಗಿಲ್ವಾ? ಗುಡ್ಡ ಹತ್ತಿಸಿ ಕರ್ಕೊಂಡು ಬಂದಿದ್ದು ಇದನ್ನ ಹೇಳೋಕಾ?"

"ಹಾಗಲ್ಲ ಹೆಸ್ಟರ್, ಅದರೊಳಗೆ…"

"ಗಂಡಸರ ಮಾತಿಗೆ ತಲೆ ಕೆಡಿಸ್ಕೋಬೇಡಮ್ಮಾ" ಎಂದು ಮಿಸೆಸ್ ಬ್ಲೆನ್ಕಿನ್ ಅವಳ ಹೆಗಲು ತಟ್ಟಿದರು. ಬೇರೆಯವರ ಜಾಡಿಗಳಿಂದ ಚಮಚದ ತುದಿಯಷ್ಟೇ ತೆಗೆದುಕೊಂಡಿದ್ದವರು, ನನ್ನ ಮೇಲಿನ ಸಿಟ್ಟಿಗೆ ಹೆಸ್ಟರಳ ಜಾಡಿಯಿಂದ ಚಮಚದ ತುಂಬ ಎತ್ತಿ ಬಾಯಿಗೆ ಹಾಕಿಕೊಂಡರು! ನಾನು ಕೈ ಚಾಚಿದೆ. ಮುಗಿದುಹೋಗಿತ್ತು.

ಆಕೆ ಕಣ್ಣು ಮುಚ್ಚಿದರು. ಮುಖ ಅರಳಿತು. "ಓಹ್! ಇದು… ಇದು…"

ಟಕ್!

ಆ ಸದ್ದು ನನಗೆ ಚಿರಪರಿಚಿತ. ಕೆಳದವಡೆ, ಬಲಬದಿ, ಹಿಂದಿನಿಂದ ಎರಡನೆಯ ಹಲ್ಲು. ಮಿಸೆಸ್ ಬ್ಲೆನ್ಕಿನ್ ಕೆನ್ನೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ನಾನು ಹಾರಿ ಹೋಗಿ, "ಬಾಯಿ ತೆಗೀರಿ ಮೇಡಂ, ದೊಡ್ಡದಾಗಿ, ಆ ಅನ್ನಿ!" ಎಂದು ಬಗ್ಗಿ, ಬೆರಳು ಹಾಕಿ ಹೊರಗೆಳೆದೆ. ಸೂಜಿ! ಬೆಳಗಿನಿಂದ ಹುಡುಕಿ ಹುಡುಕಿ ಹೈರಾಣಾದ ಜೀವ ಅದನ್ನು ಕಂಡದ್ದೇ ತಡ, ನನ್ನ ಬುದ್ಧಿ ಕೈಕೊಟ್ಟಿತು. ಅದನ್ನು ಮೇಲೆತ್ತಿ ಹಿಡಿದು ಸಭಾಂಗಣವೇ ನಡುಗುವಂತೆ ಕೂಗಿದೆ:

"ಸಿಕ್ಕಿತು!"

ಚಮಚವೊಂದು ತಟ್ಟೆಗೆ ಬಿದ್ದ ಸದ್ದು. ಹಿಂದಿನ ಸಾಲಿನಲ್ಲಿ ಡೆಸ್ಮಂಡ್ ಎದ್ದು ನಿಂತು ಗದ್ಗದ ಕಂಠದಿಂದ, "ಜೋಡಿ ಬದುಕಿತು!" ಎಂದ. ಗ್ವಿಲಿಮ್ ಅವನನ್ನು ಕೋಟು ಹಿಡಿದು ಕೂರಿಸಿದ.

ಮಿಸೆಸ್ ಬ್ಲೆನ್ಕಿನ್ ಕೆನ್ನೆಯಿಂದ ಕೈ ತೆಗೆಯದೆ ಹೇಳಿದರು: "ಇಂಥ ಹದ, ಇಂಥ ಕಹಿ ನಾನು ಕಂಡೇ ಇಲ್ಲ, ಹೆಸ್ಟರ್. ಮೊದಲ ಬಹುಮಾನ ಇದಕ್ಕೇ ಕೊಡ್ತಿದ್ದೆ. ಆದ್ರೆ ನಿಯಮ ನೋಡಮ್ಮಾ: ಹಣ್ಣು, ಸಕ್ಕರೆ, ನೀರು. ಹಿತ್ತಾಳೆ ಅಂತ ಎಲ್ಲೂ ಇಲ್ಲ."

ಹೆಸ್ಟರ್ ಜಾಡಿಯಿಂದ ಬಿಚ್ಚಿಟ್ಟಿದ್ದ ಚೌಕಳಿ ಬಟ್ಟೆಯನ್ನು ಎತ್ತಿಕೊಂಡು ನಿಧಾನವಾಗಿ ಮಡಚಿದಳು. ಆಮೇಲೆ ಇನ್ನೂ ಸಣ್ಣದಾಗಿ ಮಡಚಿದಳು. ನಗಿಸುವ ಸಂಗತಿ ಬೇಕಾದಷ್ಟು ನಡೆದಿತ್ತು ಆ ದಿನ. ಆ ಬಟ್ಟೆ ಮಡಚುವುದನ್ನು ನೋಡುವಾಗ ಮಾತ್ರ ನನಗೆ ನಗು ಬರಲಿಲ್ಲ. ಅವಳಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಹೇಳುವ ಯೋಗ್ಯತೆ ನನಗಿರಲಿಲ್ಲ.

ಕಾರನ್ನು ಅಲ್ಲೇ ಬಿಟ್ಟು, ಗ್ವಿಲಿಮನ ವ್ಯಾನಿನ ಹಿಂಭಾಗದಲ್ಲಿ, ತೂಗಾಡುವ ಎರಡು ಕುರಿಗಳ ನಡುವೆ ಮನೆಗೆ ಹೊರಟೆವು. ತಿರುವಿನಲ್ಲೆಲ್ಲ ಕುರಿ ಬಂದು ನನಗೇ ಹೊಡೆಯುತ್ತಿತ್ತು. ಅದಕ್ಕೂ ನ್ಯಾಯ ಗೊತ್ತಿತ್ತೆಂದು ಕಾಣುತ್ತದೆ.

"ಹೆಸ್ಟರ್," ಎಂದೆ ಮೆಲ್ಲಗೆ, "ಸೂಜಿಗೆ ಮೇಡಮ್ಮನ ಹಲ್ಲಿನ ಗುರುತು ಬಿದ್ದಿದೆ. ಇನ್ನು ಕೆಲಸಕ್ಕೆ ಬರಲ್ಲ. ಜೋಡಿಯೋ ಒಂಟಿಯೋ, ನೀನೇ ಹೇಳು."

"ಯಾವುದರ ವಿಷಯ ಕೇಳ್ತಿದೀಯ? ಕಾರಿನದೋ, ನಮ್ಮದೋ?"

ನಾನು ಕುರಿಯ ಹಿಂದೆ ಮುಖ ಮರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ಒಂದು ವಿಚಿತ್ರ ಸದ್ದು ಕೇಳಿಸಿತು. ಅಳುತ್ತಿದ್ದಾಳೆಂದು ಹೆದರಿ ಇಣುಕಿದೆ. ಹೆಸ್ಟರ್ ಸ್ಕಾರ್ಫು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಸಿಕ್ಕಿತು ಅಂತೆ! ಆಕೆ ಬಾಯಲ್ಲಿ! ಸಿಕ್ಕಿತು ಅಂತೆ!"

ಮನೆ ತಲುಪಿದ್ದೇ ಅವಳು ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿ ಹೊಸ ಸೂಜಿಗೆ ಹೇಳಿದಳು. ನಾನು ಎರಡು ತಿಂಗಳಿನಿಂದ ಮಾಡಲಾಗದ ತೀರ್ಮಾನವನ್ನು ಅವಳು ಚಹಾ ಆರುವುದರೊಳಗೆ ಮಾಡಿ ಮುಗಿಸಿದ್ದಳು. "ಜೋಡಿ. ಅಪ್ಪ ಇಟ್ಕೊಂಡಿದ್ದು ಅದನ್ನೇ. ಜೋಡ್ಸೋದು ಡೆಸ್ಮಂಡ್, ಎತ್ತಿ ಹಿಡಿಯೋದು ಗ್ವಿಲಿಮ್. ನೀನು ದೂರ ನಿಂತ್ಕೋ."

ಇಷ್ಟಕ್ಕೇ ಮುಗಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಸೋಮವಾರ ಬೆಳಿಗ್ಗೆ ದವಾಖಾನೆ ತೆರೆದರೆ ಮೊದಲ ರೋಗಿ ಮಿಸೆಸ್ ಬ್ಲೆನ್ಕಿನ್! ಕೆನ್ನೆ ಊದಿತ್ತು. ಹೊರಗೆ ಕಾಯುವ ಕೋಣೆ ತುಂಬಿತ್ತು, ಬಾಗಿಲು ಅರ್ಧ ತೆರೆದಿತ್ತು. ನಾನು ಕನ್ನಡಿ ಹಿಡಿದು ಪರೀಕ್ಷಿಸಿ, ಕಳೆದುಕೊಂಡಿದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ:

"ಎರಡು ದಾರಿ ಇದೆ, ಮೇಡಂ. ಬೇರು ಉಳಿಸ್ಕೊಂಡು ಮೇಲೆ ಕ್ಯಾಪ್ ಕೂರಿಸ್ಬಹುದು. ಇಲ್ಲಾಂದ್ರೆ ಕಿತ್ತು ಹೊಸದು ಕಟ್ಟಬಹುದು. ಎರಡಕ್ಕೂ ಅದರದರದೇ ಗುಣ ಇದೆ…"

"ನಿಲ್ಲಿಸಿ" ಎಂದರು ಮಿಸೆಸ್ ಬ್ಲೆನ್ಕಿನ್. "ನೀವು ಆರಿಸ್ತಾ ಕೂತ್ರೆ ನನಗೆ ಬಾಯಲ್ಲಿ ಒಂದು ಹಲ್ಲೂ ಉಳಿಯಲ್ಲ. ನಿಮ್ಮ ಮನೆ ನಂಬರ್ ಹೇಳಿ."

ಹೇಳಿದೆ. ಕುರ್ಚಿಯಲ್ಲಿ ಒರಗಿದ್ದಂತೆಯೇ ನನ್ನ ಮೇಜಿನ ಫೋನ್ ತರಿಸಿಕೊಂಡು ಹೆಸ್ಟರಳಿಗೆ ಕರೆ ಮಾಡಿದರು. ವಿಷಯ ವಿವರಿಸಿದರು. 'ಹೂಂ' ಅಂದರು. 'ಹೌದಾ?' ಅಂದರು. ಊದಿದ ಕೆನ್ನೆಯಲ್ಲೇ ಕಿಸಕ್ಕನೆ ನಕ್ಕು ಫೋನ್ ಇಟ್ಟರು. ಆಮೇಲೆ, ಹೊರಗೆ ಕೂತ ಅಷ್ಟೂ ಜನಕ್ಕೆ ಸ್ಪಷ್ಟವಾಗಿ ಕೇಳಿಸುವ ಹಾಗೆ ಹೇಳಿದರು:

"ಕಿತ್ತೇ ಬಿಡ್ಬೇಕಂತೆ ಡಾಕ್ಟ್ರೇ. ಕಳಚೋದು ನಿಮಗೆ ಬಹಳ ಚೆನ್ನಾಗಿ ಬರುತ್ತಂತೆ. ಮತ್ತೆ ಕೂರಿಸೋಕೆ ಮಾತ್ರ ಬೇರೆ ಡಾಕ್ಟರನ್ನ ನೋಡ್ಕೋಬೇಕಂತೆ!"